ಘಾಟಿನ್ಯಾಗ ಮೋಟರ್‌ಹೋಮ್: ಕ್ರೂಸ್ ಕಂಟ್ರೋಲೋ, ನಮ್ಮ ಕಾಲೋ?

ಮೋಟರ್‌ಹೋಮ್ (ಒಳಗ ಮಲಗಾಕ, ಅಡಗಿ ಮಾಡಾಕ ಬರೂ ಗಾಡಿ) ತಗೊಂಡು ವಿಜಯಪುರದಿಂದ ಸೋಲಾಪುರ ಕಡೆ ಸಪಾಟ ಹೈವೇ ಇದ್ರ ಕ್ರೂಸ್ (ಸೆಟ್ ಮಾಡಿದ ಸ್ಪೀಡ್ ಗಾಡೀನ ಹಿಡಕೊಂಡು ಹೋಗೂ ಸೌಲಭ್ಯ) ಹಾಕ್ರಿ, ಕಾಲಿಗೆ ಆರಾಮ. ಆದ್ರ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳ್ಯೂದಿದ್ರ ದಯವಿಟ್ಟು ಆಫ್ ಮಾಡ್ರಿ.

ಏರಿನ್ಯಾಗ ಸಾದಾ ಕ್ರೂಸ್‌ಗೆ ಮುಂದಿನ ಚಡಾವು ಗೊತ್ತಾಗಂಗಿಲ್ಲ, ಸ್ಪೀಡ್ ಬಿದ್ದ ಮ್ಯಾಲೆ ಒಮ್ಮೆಲೇ ಎಕ್ಸಲರೇಟರ್ ಕೊಡತೈತಿ, ಇಂಜಿನ್ ಒದರತೈತಿ, ಡೀಸೆಲ್ಲೂ ಜಾಸ್ತಿ. ನಾವ ಹೊಡದ್ರ ಚಡಾವು ಕಂಡಕೂಡ್ಲೇ ಗೇರ್ ಇಳಿಸಿ ಸಾವಕಾಶ ಹತ್ತಿಸಬಹುದು.

ಇಳಿಜಾರಿನ್ಯಾಗಂತೂ ಭಾಳ ಫರಕ್ ಐತ್ರಿ. ಸಾದಾ ಕ್ರೂಸ್ ಬ್ರೇಕ್ ಹಿಡಿಯಂಗಿಲ್ಲ, ತೂಕಕ್ಕ ಗಾಡಿ ಸೆಟ್ ಮಾಡಿದ್ದಕ್ಕಿಂತ ಜೋರ್ ಓಡತೈತಿ, ಅದಕ್ಕ ಸಣ್ಣ ಗೇರಿನ್ಯಾಗ ಇಂಜಿನ್ನೇ ಗಾಡಿ ತಡೀಲಿ, ಬರೇ ಬ್ರೇಕ್ ತುಳಕೋತ ಹೋದ್ರ ಅವು ಕಾದು ಹಿಡಿಯೂದ ಬಿಡತಾವು. ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ತಾನ ಸ್ಪೀಡ್ ಹೊಂದಿಸೂದು) ಇದ್ರ ಬ್ರೇಕ್ ಹಿಡೀತೈತಿ ಖರೆ, ಆದ್ರೂ ಅಂಥಾ ತಿರುವಿನ್ಯಾಗ ನನಗ ಭರೋಸಾ ಇಲ್ಲ. ಮಳ್ಯಾಗ ರೋಡ್ ಜಾರೂ ಮುಂದ ಎರಡೂ ಥರದ ಕ್ರೂಸ್ ಬ್ಯಾಡ.