ಸ್ಮರಣಾರ್ಥ ಅಂಚೆಚೀಟಿಗಳಿಗೆ ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೋ

ಸ್ಮರಣಾರ್ಥ ಅಂಚೆಚೀಟಿಗಳನ್ನು ಮುಖಬೆಲೆಗೇ ಕೊಳ್ಳಬೇಕೆನ್ನುವವರು ಮೊದಲು ಹೋಗಬೇಕಾದದ್ದು ವಿಧಾನಸೌಧದ ಸಮೀಪದಲ್ಲಿರುವ ಪ್ರಧಾನ ಅಂಚೆ ಕಚೇರಿಯ (ಜಿಪಿಒ) ಫಿಲಾಟೆಲಿ ಬ್ಯೂರೋಗೆ, ಅಂದರೆ ಸಂಗ್ರಾಹಕರಿಗಾಗಿ ಚೀಟಿ ಮಾರುವ ವಿಭಾಗಕ್ಕೆ. ಬಡಾವಣೆಯ ಅಂಚೆ ಕಚೇರಿಯಲ್ಲಿ ಸಾಮಾನ್ಯವಾಗಿ ಸಿಗುವುದು ಬೇಡಿಕೆಗೆ ತಕ್ಕಂತೆ ಮತ್ತೆ ಮತ್ತೆ ಅಚ್ಚಾಗುವ ನಿತ್ಯಬಳಕೆಯ ಚೀಟಿಗಳು. ಸ್ಮರಣಾರ್ಥ ಚೀಟಿಗಳು ಹಾಗಲ್ಲ. ಅವು ನಿಗದಿತ ಸಂಖ್ಯೆಯಲ್ಲಿ ಒಮ್ಮೆ ಅಚ್ಚಾಗುತ್ತವೆ, ದಾಸ್ತಾನು ತೀರಿದ ಮೇಲೆ ವ್ಯಾಪಾರಿಗಳು ಹೇಳಿದ್ದೇ ಬೆಲೆ. ಆದ್ದರಿಂದ ಹೊಸ ಚೀಟಿ ಬಂದಾಗಲೇ ಬ್ಯೂರೋದಲ್ಲಿ ಕೊಳ್ಳುವುದು ಲೇಸು. ಚೀಟಿಯ ಜೊತೆಗೆ ಪ್ರಥಮ ದಿನದ ಲಕೋಟೆ (ಚೀಟಿ ಬಿಡುಗಡೆಯಾಗುವ ದಿನಕ್ಕೆಂದೇ ಅಚ್ಚಾದ ವಿಶೇಷ ಲಕೋಟೆ), ಮಾಹಿತಿ ಪತ್ರ, ಮಿನಿಯೇಚರ್ ಶೀಟುಗಳೂ (ಒಂದೋ ಕೆಲವೋ ಚೀಟಿಗಳಿರುವ ಪುಟ್ಟ ಅಲಂಕೃತ ಹಾಳೆಗಳು) ಇಲ್ಲಿ ಸಿಗುತ್ತವೆ. ಪದೇ ಪದೇ ಬರಲಾಗದವರು ಕನಿಷ್ಠ 200 ರೂಪಾಯಿ ಕಟ್ಟಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ.

ಕೊಳ್ಳುವಾಗ ಚಿತ್ರವನ್ನಷ್ಟೇ ನೋಡದೆ ಮುಖಬೆಲೆಯನ್ನೂ ನೋಡಬೇಕೆಂಬುದು ನನ್ನ ಒತ್ತಾಯ. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಹೊರಬಂದಾಗ, ತ್ರಿವರ್ಣಧ್ವಜದ ಪಕ್ಕದಲ್ಲಿ ದೇವನಾಗರಿಯಲ್ಲಿ ‘ಜೈ ಹಿಂದ್’ ಎಂದಿದ್ದ ಅದರ ಬೆಲೆ ಮೂರೂವರೆ ಆಣೆಯಾಗಿದ್ದುದಕ್ಕೆ ಕಾರಣವಿತ್ತು: ಅದು ವಿದೇಶದ ಪತ್ರಕ್ಕೆಂದೇ ಬಂದದ್ದು. ಅದರ ಬೆನ್ನಿಗೇ ಬಂದ ಅಶೋಕ ಸ್ತಂಭದ ಒಂದೂವರೆ ಆಣೆಯ ಚೀಟಿ ಒಳನಾಡಿನ ಪತ್ರಕ್ಕೆ, ವಿಮಾನದ ಚಿತ್ರವಿದ್ದ ಹನ್ನೆರಡು ಆಣೆಯದು ವಿಮಾನ ಟಪಾಲಿಗೆ. ಸರ್ ಎಂ. ವಿಶ್ವೇಶ್ವರಯ್ಯನವರು ಬದುಕಿರುವಾಗಲೇ, 1960ರಲ್ಲಿ, ಅವರ ಗೌರವಾರ್ಥ ಹೊರಬಂದ ಚೀಟಿಯೂ ಅಂದಿನ ಸಾಮಾನ್ಯ ಪತ್ರದ ದರವಾದ 15 ನಯಾ ಪೈಸೆಯದೇ. ಯಾರ ಮನೆಗೆ ಪತ್ರ ಬಂದರೂ ಅದರ ಮೇಲೆ ಅವರ ಮುಖವಿರಬಹುದಾಗಿತ್ತು. ಸ್ಮರಣಾರ್ಥ ಚೀಟಿಗೆ ಅದಕ್ಕಿಂತ ದೊಡ್ಡ ಸಾರ್ಥಕ್ಯ ನನಗೆ ತೋರುವುದಿಲ್ಲ.

ಈ ಕಾರಣಕ್ಕೇ ನಾನು 5 ರೂಪಾಯಿಯ ಚೀಟಿಗಳನ್ನು ಹೆಚ್ಚು ಕೊಳ್ಳುತ್ತೇನೆ. ಒಳನಾಡಿನ ಪತ್ರಕ್ಕೆ ಪ್ರತಿ 20 ಗ್ರಾಂ ಅಥವಾ ಅದರ ಭಾಗಕ್ಕೆ 5 ರೂಪಾಯಿ ಎಂಬ ಲೆಕ್ಕದಲ್ಲಿ 30 ಗ್ರಾಂ ತೂಗುವ ಲಗ್ನಪತ್ರಿಕೆಗೆ ಅಂಥ ಎರಡು ಚೀಟಿ ಬೇಕು. ಒಂದನ್ನೇ ಅಂಟಿಸಿದರೆ ಕೊರತೆಯ ಎರಡರಷ್ಟನ್ನು ಪಾಪ, ಪಡೆದವರೇ ತೆರಬೇಕಾಗುತ್ತದೆ. 2017ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಕಾಫಿ ಪರಿಮಳದ ಚೀಟಿ ಬಹಳ ಸೊಗಸಾಗಿದೆ, ಆದರೆ 100 ರೂಪಾಯಿಯ ಆ ಚೀಟಿಯನ್ನು ಮಾಮೂಲಿ ಪತ್ರಕ್ಕೆ ಯಾರು ಅಂಟಿಸಿಯಾರು? ಕಾಫಿಯ ನಾಡಿನ ಆ ಚೀಟಿ 5 ರೂಪಾಯಿಯಲ್ಲೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಅಂಟಿಸಿದ ಪತ್ರಗಳನ್ನು ಎಲ್ಲಿ ಕೊಡುತ್ತೇವೆಂಬುದೂ ಮುಖ್ಯ. ನಗರದ ಬೇರೊಂದು ಅಂಚೆ ಕಚೇರಿಯಲ್ಲಿ ನನ್ನ ಲಕೋಟೆಯ ಚೀಟಿಗಳ ಮೇಲೆ ಮುದ್ರೆಯ ಬದಲು ಬಾಲ್‌ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದರು. ಊರು, ದಿನಾಂಕ ಯಾವುದೂ ಇಲ್ಲದ ಅಂಥ ಲಕೋಟೆ ಸಂಗ್ರಹಕ್ಕೆ ಬಾರದು. ಹಗುರವಾದ, ದುಂಡನೆಯ ಮುದ್ರೆ ಬೇಕೆಂದು ಮೊದಲೇ ವಿನಂತಿಸಿಕೊಳ್ಳುವುದು ಒಳ್ಳೆಯದು.

ನಮ್ಮದೇ ಭಾವಚಿತ್ರ ಅಚ್ಚಾಗುವ ‘ಮೈ ಸ್ಟ್ಯಾಂಪ್’ ಸೇವೆಯಲ್ಲಿ 5 ರೂಪಾಯಿಯ 12 ಚೀಟಿಗಳ ಹಾಳೆಗೆ 300 ರೂಪಾಯಿ ಕೊಡಬೇಕು, ಅಂದರೆ ಸಿಗುವ ಅಂಚೆ ಮೌಲ್ಯ 60 ರೂಪಾಯಿ ಮಾತ್ರ. ಅಜ್ಜ ಅಜ್ಜಿಯ ಷಷ್ಟ್ಯಬ್ದಿಗೆ ಉಡುಗೊರೆಯಾಗಿ ಕೊಡಲು ಅದು ಸರಿ. ಪತ್ರ ಬರೆಯುವವರು ಅದೇ ಹಣಕ್ಕೆ ಬ್ಯೂರೋದಲ್ಲಿ 5 ರೂಪಾಯಿಯ 60 ಸ್ಮರಣಾರ್ಥ ಚೀಟಿಗಳನ್ನು ಕೊಳ್ಳಬಹುದು.