ಎಂಟು ನಿಮಿಷಕ್ಕೊಮ್ಮೆ ನಿಲ್ಲುವ ಡಬ್ಬಿ: ಎರಡು ವರ್ಷ ಬಳಸಿದ ಮೇಲೆ

ಈ ಅಲ್ಟ್ರಾಸಾನಿಕ್ ಕ್ಲೀನರ್ (ಕಿವಿಗೆ ಕೇಳದ ಸದ್ದಿನಿಂದ ನೀರು ನಡುಗಿಸಿ ಕೊಳೆ ಬಿಡಿಸುವ ಡಬ್ಬಿ) ಮಾಡಿದವರು ಸಿಕ್ಕರೆ ಒಂದೇ ಮಾತು ಕೇಳಬೇಕು. ಟೈಮರ್ 480 ಸೆಕೆಂಡಿಗೇ ಯಾಕೆ ನಿಲ್ಲುತ್ತೆ? ಬರೀ ಎಂಟು ನಿಮಿಷ. ನನಗೆ ಬೇಕಿರುವುದು ನಲವತ್ತು. ಇದರಲ್ಲಿ ನಾನು ಮಾಡುವ ವಿಟಮಿನ್ ಸಿ ಒಂದು ಬಾಟಲಿ ತಯಾರಾಗಬೇಕಾದರೆ ಐದು ಸಲ ಎದ್ದು ಹೋಗಿ ಬಟನ್ ಒತ್ತಬೇಕು. ಅದೂ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಸರಿಯಾಗಿ ನಿಲ್ಲುತ್ತದೆ.

ಚಿನ್ನದಂಗಡಿಯಲ್ಲಿ ಒಡವೆ ತೊಳೆಯಲು ಇಟ್ಟಿರುತ್ತಾರಲ್ಲ, ಅದೇ ಡಬ್ಬಿ. ನಾನು ತರಿಸಿದ್ದು ಒಡವೆಗಲ್ಲ, ಲೈಪೋಸೋಮ್ ವಿಟಮಿನ್ ಸಿ, ಅಂದರೆ ಕೊಬ್ಬಿನ ಸಣ್ಣ ಸಣ್ಣ ಉಂಡೆಗಳ ಒಳಗೆ ಕೂರಿಸಿದ ವಿಟಮಿನ್ ಸಿ ಮಾಡಲು. ನಮ್ಮನೆಯವರಿಗೆ ಮಾತ್ರೆ ನುಂಗಿದರೆ ಹೊಟ್ಟೆ ಉರಿ. ರೆಡಿಮೇಡ್ ಬಾಟಲಿ ತರಿಸಿದರೆ ತಿಂಗಳಿಗೆ ಸಾವಿರದ ಮೇಲೆ ಖರ್ಚು. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವಳು, ಮನೆಯಲ್ಲೇ ಯಾಕೆ ಮಾಡಬಾರದು ಅಂತ ಹಟ ಬಂತು. 3,400 ರೂಪಾಯಿ ಕೊಟ್ಟೆ.

ರಾತ್ರಿ ಮಲಗುವ ಮುಂಚೆ ಮೂರು ಚಮಚ ಸೂರ್ಯಕಾಂತಿ ಲೆಸಿಥಿನ್ (ಸೂರ್ಯಕಾಂತಿಯಿಂದ ತೆಗೆಯುವ ಕೊಬ್ಬಿನಂಥ ವಸ್ತು) ಅನ್ನು ಒಂದು ಲೋಟ ಕಾದಾರಿದ ನೀರಿಗೆ ಹಾಕಿಡುತ್ತೇನೆ. ಬೆಳಿಗ್ಗೆ ಅದು ನೆನೆದ ಸಬ್ಬಕ್ಕಿಯ ಹಾಗೆ ಊದಿಕೊಂಡಿರುತ್ತದೆ. ಮಿಕ್ಸಿಗೆ ಹಾಕಿದರೆ ಬರೀ ನೊರೆ. ಅಮ್ಮನ ಕಡಗೋಲಲ್ಲಿ ನಿಧಾನಕ್ಕೆ ಕಡೆದರೆ ಗಂಟೆಲ್ಲ ಒಡೆದು, ಗಟ್ಟಿ ಮಜ್ಜಿಗೆಯ ಹಾಗಾಗುತ್ತದೆ. ಒಂದು ಚಮಚ ವಿಟಮಿನ್ ಸಿ ಪುಡಿಯನ್ನು ಬೇರೆ ನೀರಲ್ಲಿ ಕರಗಿಸಿ ಇದಕ್ಕೆ ಸೇರಿಸುತ್ತೇನೆ. ಆಮೇಲೆ ಗಾಜಿನ ಬೀಕರಿಗೆ ಹಾಕಿ ಡಬ್ಬಿಯ ನೀರಲ್ಲಿ ಇಡಬೇಕು. ನೇರವಾಗಿ ತೊಟ್ಟಿಗೇ ಸುರಿಯಬೇಡಿ, ಅದು ಒಡವೆ ಕೊಳೆ ಬಿಡುವ ಜಾಗ. ಮೂರನೇ ಸುತ್ತಿಗೆ ತೊಟ್ಟಿಯ ನೀರು ಬಿಸಿಯಾಗುತ್ತದೆ, ಬಿಸಿಗೆ ವಿಟಮಿನ್ ಸಿ ಕೆಡುತ್ತದೆ. ಅದಕ್ಕೇ ಪ್ರತಿ ಸುತ್ತಿಗೂ ತೊಟ್ಟಿಯ ನೀರಿಗೆ ಎರಡು ಐಸ್ ತುಂಡು.

ಸದ್ದಿನ ಬಗ್ಗೆ ಏನು ಹೇಳಲಿ. ಡಬ್ಬಿ ಹೊರಡಿಸುವ 42 ಕಿಲೋಹರ್ಟ್ಸ್ ಸದ್ದು ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ, ನಿಜ. ಆದರೆ ಅದರ ಜೊತೆಗೇ ಬರುವ ಕೀರಲು ಪಕ್ಕದ ಮನೆಗೂ ಕೇಳಿಸುತ್ತದೆ. ನಮ್ಮ ನಾಯಿ ಬಟನ್ ಸದ್ದಿಗೇ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋಗಿ ಕೂರುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೆ ಖುಷಿ ಕೊಡುವುದು ಒಂದೇ ಹನಿ. ಐದು ಸುತ್ತು ಮುಗಿದ ಮೇಲೆ ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟು ಕಿಟಕಿಯ ಬಿಸಿಲಲ್ಲಿ ಪಕ್ಕದಿಂದ ನೋಡುತ್ತೇನೆ. ತೆಳ್ಳಗೆ ನೀಲಿ ಛಾಯೆ ಕಾಣುತ್ತದೆ. ಕಣ ಸಣ್ಣದಾದಷ್ಟೂ ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತದೆ, ಆಕಾಶ ನೀಲಿ ಕಾಣುವುದಕ್ಕೂ ಇಂಥದ್ದೇ ಕಾರಣ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅದನ್ನು ತೋರಿಸಿದ ದಿನ ಟೈಮರನ್ನೂ ಕ್ಷಮಿಸಿಬಿಟ್ಟಿದ್ದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಫಾರ್ಮಸಿ ಓದುವ ಅಕ್ಕನ ಮಗಳು ರಜೆಗೆ ಬಂದಳು, ಬಾಟಲಿ ಅಲ್ಲಾಡಿಸಿ ನೋಡಿದಳು. "ಚಿಕ್ಕಮ್ಮ, ಇದು ಸ್ವಲ್ಪ ಲೈಪೋಸೋಮ್, ಜಾಸ್ತಿ ಪಾನಕ" ಅಂದಳು. ಲೆಸಿಥಿನ್ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ನೀರಂದರೆ ಆಗದ ಬಾಲ. ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು ಎರಡು ಪದರವಾಗಿ ನಿಂತು ಉಂಡೆ ಕಟ್ಟಿಕೊಳ್ಳುತ್ತವೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ಕಂಡುಕೊಂಡಿದ್ದು ಇದನ್ನೇ. ಉಂಡೆ ನನ್ನ ಬೀಕರಲ್ಲೂ ಕಟ್ಟುತ್ತದೆ. ಆದರೆ ವಿಟಮಿನ್ ಸಿ ನೀರಲ್ಲಿ ಕರಗುವಂಥದ್ದು. ಉಂಡೆ ಮುಚ್ಚಿಕೊಳ್ಳುವಾಗ ಒಳಗೆ ಸಿಕ್ಕಿದ ನೀರಲ್ಲಿ ಎಷ್ಟಿತ್ತೋ ಅಷ್ಟೇ ಒಳಗೆ. ಮಿಕ್ಕಿದ್ದೆಲ್ಲ ಹೊರಗೇ ಹುಳಿಯಾಗಿ ಉಳಿಯುತ್ತದೆ. ಅಕ್ಕನ ಮಗಳ ಕಾಲೇಜಿನ ಲ್ಯಾಬಿನಲ್ಲಿ ಲಿಪಿಡ್ (ಲೆಸಿಥಿನ್ ಥರದ ಕೊಬ್ಬು) ಅನ್ನು ಫ್ಲಾಸ್ಕಿನ ಗೋಡೆಗೆ ತೆಳು ಪೊರೆಯಾಗಿ ಒಣಗಿಸಿ, ಮದ್ದಿನ ನೀರು ಹಾಕಿ, 100 ನ್ಯಾನೋಮೀಟರ್ ತೂತಿನ ಜರಡಿಯಲ್ಲಿ ಮತ್ತೆ ಮತ್ತೆ ಒತ್ತಿ ತೆಗೆಯುತ್ತಾರಂತೆ. ಒಳಗೆ ಸೇರದ್ದನ್ನು ಬೇರೆ ಮಾಡಿ ಅಳೆಯುತ್ತಾರೆ. ನನ್ನ ಹತ್ತಿರ ಅಳೆಯಲು ಇರುವುದು ಚಮಚ.

ಮನಸ್ಸಿಗೆ ಸ್ವಲ್ಪ ಬೇಜಾರಾಯಿತು. ಅದರ ಮೇಲೆ ಅವಳು ಇನ್ನೊಂದು ಹೇಳಿದಳು: ಗಂಡಸರಿಗೆ ದಿನಕ್ಕೆ ಬೇಕಿರುವ ವಿಟಮಿನ್ ಸಿ 80 ಮಿಲಿಗ್ರಾಂ, ಒಂದು ದಪ್ಪ ನೆಲ್ಲಿಕಾಯಿ ತಿಂದರೆ ಮುಗೀತು. ಹಿತ್ತಿಲಲ್ಲೇ ನೆಲ್ಲಿ ಮರ ಇದೆ ನಮಗೆ! ಈಗ ತಿಂಗಳಿಗೆ ಒಂದೇ ಸಣ್ಣ ಬಾಟಲಿ ಮಾಡುತ್ತೇನೆ, ಫ್ರಿಜ್ಜಲ್ಲಿಟ್ಟು ನಾಲ್ಕು ದಿನದಲ್ಲಿ ಖಾಲಿ. ಹೊಟ್ಟೆ ಉರಿ ಕಮ್ಮಿ ಅಂತಾರೆ ನಮ್ಮನೆಯವರು. ಉಂಡೆಯಿಂದಲೋ, ನೀರು ಜಾಸ್ತಿ ಇರುವುದರಿಂದಲೋ, ದೇವರಿಗೇ ಗೊತ್ತು.

ಆದರೂ ಡಬ್ಬಿ ಮೂಲೆ ಸೇರಲಿಲ್ಲ. ದೀಪಾವಳಿ ಸುತ್ತ ಹಾಸನಾಂಬೆ ಬಾಗಿಲು ತೆರೆದಾಗ ಮನೆ ತುಂಬ ನೆಂಟರು. ಹೋದ ವರ್ಷ ದರ್ಶನಕ್ಕೆ ಹೊರಡುವ ಮುಂಚೆ ಎಲ್ಲರ ಓಲೆ, ಬಳೆ, ಸರ ಸಾಲಾಗಿ ತೊಟ್ಟಿಗೆ ಇಳಿದವು. ಹದಿನೈದು ವರ್ಷದ ಕೊಳೆ ಹೊಗೆಯ ಹಾಗೆ ಬಿಟ್ಟುಕೊಂಡಿತು. ಅತ್ತೆಯ ಮುತ್ತಿನ ಓಲೆ ಮಾತ್ರ ಹಾಕಲಿಲ್ಲ. ಮುತ್ತು, ಪಚ್ಚೆ ಇದರಲ್ಲಿ ಹಾಳಾಗುತ್ತವೆ. ಅತ್ತೆಗೆ ಇನ್ನೂ ಕೋಪ ಇದೆ. ಒಡವೆಗೆ ಎಂಟು ನಿಮಿಷ ಧಾರಾಳ, ಅಲ್ವಾ?

ತಗೊಳ್ಳುವವರಿಗೆ ಒಂದು ಉಪಾಯ. ಬಂದ ದಿನವೇ ಅಲ್ಯುಮಿನಿಯಂ ಫಾಯಿಲ್ ಚೂರನ್ನು ನೀರಲ್ಲಿ ಇಳಿಬಿಟ್ಟು ಚಾಲೂ ಮಾಡಿ. ಶಕ್ತಿ ಇದ್ದರೆ ಫಾಯಿಲ್ ಜರಡಿಯಾಗುತ್ತದೆ. ನನ್ನದರಲ್ಲಿ ಮೊದಲು ಒಂದೇ ನಿಮಿಷಕ್ಕೆ ತೂತು ಬೀಳುತ್ತಿತ್ತು. ಈಗ ಮೂರು ನಿಮಿಷ ಬೇಕು. ವಯಸ್ಸಾಗಿದೆ. 30 ನಿಮಿಷದ ಟೈಮರ್ ಇರುವ ಮಾಡೆಲ್ ನೋಡಿದೆ, ಬೆಲೆ ಇದರ ಎರಡರಷ್ಟು. ಇದು ಪೂರ್ತಿ ಕೆಡಲಿ, ಆಮೇಲೆ ನೋಡೋಣ.