ಯೂಬಿಕೀ 5 ಎನ್‌ಎಫ್‌ಸಿ: ನಮ್ಮ ಆಡಿಟ್ ಆಫೀಸಲ್ಲಿ ಮೂರು ವರ್ಷ ಬಳಸಿದ ಮೇಲೆ

ನಮ್ದು ದಾವಣಗೆರೆಲಿ 14 ಜನರ ಆಡಿಟ್ ಆಫೀಸು. ಕ್ಲೈಂಟುಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು, ಕ್ರಯಪತ್ರ ಎಲ್ಲಾ ಗೂಗಲ್ ವರ್ಕ್‌ಸ್ಪೇಸಲ್ಲೇ (ಗೂಗಲ್‌ನ ಆಫೀಸ್ ಮೇಲ್, ಫೈಲ್ ಸೇವೆ) ಇರೋದು. ಮೂರು ವರ್ಷದ ಹಿಂದೆ ಜುಲೈ ಕೊನೇ ವಾರ, ರಿಟರ್ನ್ಸ್ ಗಡಿಬಿಡಿಲಿ ನಮ್ಮ ಹುಡುಗಿಯೊಬ್ಬಳಿಗೆ ಫೈಲ್ ಶೇರ್ ಮಾಡಿದೀವಿ ಅಂತ ಮೇಲ್ ಬಂತು, ಒತ್ತಿದ್ಳು, ಥೇಟ್ ಗೂಗಲ್ ಲಾಗಿನ್ ಥರಾನೇ ಪೇಜು, ಪಾಸ್‌ವರ್ಡ್ ಹಾಕಿದ್ಳು, ಫೋನಿಗೆ ಬಂದ ಓಟಿಪಿನೂ ಹಾಕಿದ್ಳು, ಸ್ವಲ್ಪ ಹೊತ್ತಲ್ಲೇ ಅವಳ ಅಕೌಂಟಿಂದ ಕ್ಲೈಂಟುಗಳಿಗೆಲ್ಲ ಅದೇ ಮೇಲ್ ಹೋಗೋಕೆ ಶುರುವಾಯ್ತು. ಅವತ್ತು ರಾತ್ರಿ ಒಬ್ಬೊಬ್ಬರಿಗೂ ಫೋನ್ ಮಾಡಿ "ಆ ಮೇಲ್ ತೆಗೀಬೇಡಿ ಸಾರ್" ಅಂತ ಹೇಳಿದ್ದು ಇನ್ನೂ ಮರೆತಿಲ್ಲ. ಅವಳ ತಪ್ಪಲ್ಲ ಅದು, ಓಟಿಪಿ ಇದ್ರೆ ಭಯ ಇಲ್ಲ ಅಂತ ಹೇಳ್ಕೊಟ್ಟಿದ್ದು ನಾನು.

ಆಮೇಲೆ ಈ ಯೂಬಿಕೀ ತಗೊಂಡ್ವಿ, ಲಾಗಿನ್ ಆಗೋವಾಗ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚೋ ಪುಟ್ಟ ಕೀ ಇದು. ಇದು ಯಾವ ಸೈಟಿಗೆ ರಿಜಿಸ್ಟರ್ ಆಗಿದ್ಯೋ ಆ ಅಡ್ರೆಸ್ಸಿಗೆ ಮಾತ್ರ ಉತ್ತರ ಕೊಡುತ್ತೆ, ನಕಲಿ ಪೇಜು ನಮ್ಮ ಕಣ್ಣಿಗೆ ಮಣ್ಣೆರಚಬಹುದು, ಕೀಗೆ ಆಗಲ್ಲ. ಗೂಗಲ್‌ನೋರೇ 2017ರ ಶುರುವಿಂದ ತಮ್ಮ 85,000ಕ್ಕೂ ಹೆಚ್ಚು ನೌಕರರಿಗೆ ಇಂಥ ಕೀ ಕಡ್ಡಾಯ ಮಾಡಿದ್ಮೇಲೆ ಕೆಲಸದ ಅಕೌಂಟು ಒಂದೂ ಫಿಶಿಂಗಿಗೆ (ಇಂಥ ನಕಲಿ ಮೇಲ್, ಪೇಜಿನ ಮೋಸಕ್ಕೆ) ಸಿಕ್ಕಿಲ್ಲ ಅಂತ 2018ರಲ್ಲಿ ಹೇಳಿದ್ರು. ನಮ್ಮಲ್ಲೂ ಆಮೇಲೆ ಒಂದೂ ಆಗಿಲ್ಲ. ಹೋದ ವರ್ಷ ಅದೇ ಹುಡುಗಿ ಲ್ಯಾಪ್‌ಟಾಪ್ ಎತ್ಕೊಂಡು ಬಂದು "ಸಾರ್, ಇದು ಕೀ ಕೇಳ್ತಿಲ್ಲ, ಓಟಿಪಿ ಕೇಳ್ತಿದೆ, ನೋಡಿ" ಅಂದ್ಳು. ನಕಲಿ ಪೇಜು ಅಂತ ಗೊತ್ತಾಯ್ತು, ತಕ್ಷಣ ಪಾಸ್‌ವರ್ಡ್ ಬದಲಾಯಿಸಿದ್ವಿ, ಅಷ್ಟೇ.

ಕಲಿಸೋದು ಕಷ್ಟ ಆಗ್ಲಿಲ್ಲ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಿ ಅಭ್ಯಾಸ ಇರೋ ಜನ ನಾವು. ನಮ್ಮ ಹಿರಿಯ ಗುಮಾಸ್ತರು ಬೀರು ಕೀಗೊಂಚಲಿಗೇ ಹಾಕ್ಕೊಂಡಿದಾರೆ, ಹಸಿರು ಲೈಟ್ ಮಿಣುಕಿದ ತಕ್ಷಣ ಆ ಚಿನ್ನದ ಬಣ್ಣದ ಬಿಲ್ಲೆ ಮೇಲೆ ಬೆರಳಿಡ್ತಾರೆ, ಮುಗೀತು. ಬ್ಯಾಟರಿ ಇಲ್ಲ, ಚಾರ್ಜ್ ಬೇಡ, ಮೂರು ವರ್ಷದಲ್ಲಿ ಒಂದೂ ಕೆಟ್ಟಿಲ್ಲ.

ಇನ್ನು ತೊಂದರೆಗಳು. ಒಂದು ಕೀನ ಇನ್ನೊಂದಕ್ಕೆ ಕಾಪಿ ಮಾಡೋಕಾಗಲ್ಲ, ಅದಕ್ಕೇ ಅಡ್ಮಿನ್‌ಗಳಿಗೆ (ಎಲ್ಲರ ಅಕೌಂಟು ನೋಡ್ಕೊಳ್ಳೋರಿಗೆ) ತಲಾ ಎರಡು ಬೇಕೇ ಬೇಕು, ಕೀ ಇಲ್ದಾಗ ಲಾಗಿನ್ ಆಗೋ ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ತಿಜೋರಿಲಿ ಇಡಿ. ಕೀಗೆ ಇಟ್ಟ ಪಿನ್ ಎಂಟು ಸಲ ತಪ್ಪು ಹೊಡೆದ್ರೆ ಲಾಕ್ ಆಗುತ್ತೆ, ರೀಸೆಟ್ ಮಾಡಿದ್ರೆ ಅದರಲ್ಲಿರೋ ರಿಜಿಸ್ಟ್ರೇಷನ್ ಎಲ್ಲಾ ಹೋಗುತ್ತೆ, ಮತ್ತೆ ಮೊದಲಿಂದ. ಫರ್ಮ್‌ವೇರ್ (ಕೀ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅನ್ನೋದೇ ಇಲ್ಲ. 2024ರಲ್ಲಿ 5.7ಕ್ಕಿಂತ ಹಳೇ ಫರ್ಮ್‌ವೇರಲ್ಲಿ ಒಂದು ದೋಷ ಹೊರಬಂತು, ಕೀ ಕೈಗೆ ಸಿಕ್ಕಿ ದುಬಾರಿ ಲ್ಯಾಬ್ ಸಾಮಾನು ಇದ್ರೆ ಮಾತ್ರ ಒಳಗಿನ ಗುಟ್ಟು ಕದಿಯೋಕಾಗೋದು, ಆದ್ರೂ ಅಡ್ಮಿನ್ ಕೀಗಳನ್ನ ನಾನು ಹೊಸದು ತರಿಸ್ದೆ.

ಒಂದು ಮಾತು ಗಮನ ಇಟ್ಟು ಕೇಳಿ. ಬಂದಿರೋನು ಇವನೇನಾ ಅಂತ ಕೀ ನೋಡುತ್ತೆ, ಇವನು ಏನೇನು ನೋಡಬಹುದು ಅನ್ನೋದನ್ನ ನೀವೇ ತೀರ್ಮಾನ ಮಾಡಬೇಕು. ಕೀ ತರೋಕೆ ಮುಂಚೆ ನಮ್ಮಲ್ಲಿ ಕೆಲಸ ಬಿಟ್ಟು ಹೋದ ಆರ್ಟಿಕಲ್ ಹುಡುಗನ (ಸಿಎ ಓದ್ತಾ ಕೆಲಸ ಕಲಿಯೋನ) ಅಕೌಂಟು ನಾಲ್ಕು ತಿಂಗಳು ಹಾಗೇ ತೆರೆದಿತ್ತು, ಯಾರೂ ನೋಡಿರ್ಲಿಲ್ಲ. ಈಗ ಜಿಎಸ್‌ಟಿ ಟೀಮಿಗೆ ಒಂದು ಗ್ರೂಪು, ಆಡಿಟ್ ಟೀಮಿಗೆ ಒಂದು, ಶೇರ್ಡ್ ಡ್ರೈವ್ ಪರ್ಮಿಷನ್ನು ಗ್ರೂಪಿಗೇ ಕೊಡೋದು, ಒಬ್ಬೊಬ್ಬರಿಗೆ ಕೊಡಲ್ಲ. ಕೆಲಸ ಬಿಟ್ಟೋರ ಅಕೌಂಟು ಅವತ್ತು ಸಂಜೆನೇ ಸಸ್ಪೆಂಡ್, ಕೀ ವಾಪಸ್. ತಿಂಗಳಿಗೊಂದು ಸಲ ಇಡೀ ಲಿಸ್ಟ್ ಹಿಡ್ಕೊಂಡು ಕೂತ್ಕೋತೀನಿ, ಪ್ರತಿ ಸಲ ತೆಗೆದುಹಾಕೋಕೆ ಏನೋ ಒಂದು ಸಿಕ್ಕೇ ಸಿಗುತ್ತೆ.

ಕೀ ಕಡ್ಡಾಯ ಮಾಡೋವಾಗ ಎಲ್ಲರಿಗೂ ಒಂದೇ ದಿನ ಮಾಡ್ಬೇಡಿ, ನಾಲ್ಕು ನಾಲ್ಕು ಜನರಂತೆ ಮಾಡಿ, ಅದೂ ಗಡಿಬಿಡಿ ಇರೋ ಜುಲೈ, ಸೆಪ್ಟೆಂಬರ್ ಬಿಟ್ಟು.